ಮ್ವಾಂಜಾದ ಕ್ಲಿನಿಕ್‌ನಲ್ಲಿ ನಾಲ್ಕು ವಾರ

ಮೂರನೇ ವರ್ಷದ ಪರೀಕ್ಷೆ ಮುಗಿಸಿ ತಾಂಜಾನಿಯಾಕ್ಕೆ ಹೋಗಿದ್ದೆ. ವಿಕ್ಟೋರಿಯಾ ಸರೋವರದ ದಡದ ಮ್ವಾಂಜಾ ಊರಿನ ಹೊರಗೆ ಒಂದು ಚಿಕ್ಕ ಕ್ಲಿನಿಕ್. ಅಲ್ಲಿ ಮೊದಲು ಕಲಿತದ್ದು ಔಷಧಿ ಅಲ್ಲ, ನಮಸ್ಕಾರ. ಹಿರಿಯರು ಬಂದರೆ ‘ಶಿಕಾಮೋ’ ಅನ್ನಬೇಕು, ಅವರು ‘ಮರಹಬಾ’ ಅಂದ ಮೇಲೆಯೇ ಮುಂದಿನ ಮಾತು. ‘ನಿಮ್ಮ ಕಾಲು ಹಿಡಿಯುತ್ತೇನೆ’ ಅನ್ನುವುದರಿಂದ ಬಂದ ಪದವಂತೆ. ನಮ್ಮಜ್ಜಿ ನೆನಪಾದರು.

ಜ್ವರ ಬಂದ ಮಕ್ಕಳೇ ಜಾಸ್ತಿ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮಲೇರಿಯಾ ಕಿಟ್‌ಗೆ ಹಾಕಿ 15 ನಿಮಿಷ ಕಾಯುತ್ತಿದ್ದೆವು. ಎರಡನೇ ಗೆರೆ ಮೂಡಿದರೆ ಮಲೇರಿಯಾ. ಆರ್ಟಿಮೆಥರ್-ಲುಮೆಫ್ಯಾಂಟ್ರಿನ್ ಮಾತ್ರೆ, 3 ದಿನಕ್ಕೆ 6 ಡೋಸ್. ಅದನ್ನು ಕೊಬ್ಬಿನಂಶ ಇರುವ ಊಟದ ಜೊತೆ ಕೊಟ್ಟರೇನೇ ಮೈಗೆ ಚೆನ್ನಾಗಿ ಹಿಡಿಯುತ್ತದೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಮಗುವನ್ನು ಕರೆತಂದಿದ್ದ ಒಬ್ಬ ತಾಯಿಯನ್ನು ‘ಮನೆಯಲ್ಲಿ ಹಾಲು ಇದೆಯಾ’ ಅಂತ ಕೇಳಿದ್ದು ಮಾತ್ರ ಅಲ್ಲಿನ ನರ್ಸ್. ಆಮೇಲೆ ಮಾತ್ರೆಯ ಕವರ್ ಮೇಲೆ ಪೆನ್ನಿನಲ್ಲಿ ಮೂರು ಸೂರ್ಯ, ಮೂರು ಚಂದ್ರ ಬರೆದು ಕೊಟ್ಟರು. ಎರಡನೇ ದಿನ ಜ್ವರ ಬಿಟ್ಟ ತಕ್ಷಣ ಮಾತ್ರೆ ನಿಲ್ಲಿಸಿಬಿಡುತ್ತಾರಲ್ವಾ, ಅದಕ್ಕೆ.

ಒಂದು ಬೇಸರ ಹೇಳಲೇಬೇಕು. ನನ್ನನ್ನು ಕಳಿಸಿದ ಏಜೆನ್ಸಿಯವರು ‘ಹೊಲಿಗೆ ಹಾಕಬಹುದು, ಹೆರಿಗೆಯನ್ನೂ ಮಾಡಿಸಬಹುದು’ ಅಂತ ಆಸೆ ತೋರಿಸಿದ್ದರು. ನಮ್ಮ ಆಸ್ಪತ್ರೆಯಲ್ಲಿ ಒಬ್ಬಳೇ ಮಾಡಲು ಬಿಡದ ಕೆಲಸವನ್ನು ಅಲ್ಲಿನ ಹೆಂಗಸರ ಮೇಲೆ ಕಲಿಯುವುದು ತಪ್ಪು. ಮಾಡುವುದಿಲ್ಲ ಅಂದೆ. ಬಿಪಿ ನೋಡಿದೆ, ಮಕ್ಕಳ ತೂಕ ಹಾಕಿದೆ, ನರ್ಸ್ ಪಕ್ಕದಲ್ಲಿ ಕೂತು ಸ್ವಾಹಿಲಿ ಕಲಿತೆ.

ನಾಲ್ಕನೇ ದಿನ ಆ ತಾಯಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಖಾಲಿ ಕವರ್ ತೋರಿಸಿದರು. ಆರೂ ಚಿತ್ರಗಳ ಮೇಲೆ ಗೀಟು ಹಾಕಿತ್ತು.