ಮಿಷನ್ನಿಗೆ ಪೆಟ್ರೋಲ್ ಯಾರು ಹಾಕ್ತಾರೆ?

ಬೆಳಿಗ್ಗೆ ನಮ್ಮ ಮೂಡಿಗೆರೆ ಕಡೆಯ ಕೊಟ್ಟಿಗೆಹಾರದ ಹತ್ರ ರಸ್ತೆಗೆ ಅಡ್ಡ ಮರ ಬಿದ್ದಿತ್ತು.

ಲೈನ್‌ಮನ್ ಕರೆಂಟ್ ತೆಗೆಸಿದ್ದೇ ತಡ, ಊರಿನ ಹುಡುಗರು ಮರ ಕೊಯ್ಯೋ ಮಿಷನ್ ಹಿಡ್ಕೊಂಡು ಇಳಿದ್ರು. ಒಬ್ಬ ಬಾಟ್ಲಿಯಲ್ಲಿ ಪೆಟ್ರೋಲಿಗೆ ಟೂಟಿ ಆಯಿಲ್ (ಇಂಜಿನ್ ಸವೆಯದ ಹಾಗೆ ಹಾಕೋ ಎಣ್ಣೆ) ಬೆರೆಸಿ ಕುಲುಕ್ತಿದ್ದ. ಇನ್ನೊಬ್ಬ ಕೊಡೆ ಕೆಳಗೆ ಕೂತು, ಮೊಂಡಾದ ಚೈನಿನ ಹಲ್ಲು ಒಂದೊಂದನ್ನೇ ಅರ ಹಾಕಿ ಮಸೀತಿದ್ದ. ಆತುರವೇ ಇಲ್ಲ ಪುಣ್ಯಾತ್ಮನಿಗೆ!

2019ರ ಆಗಸ್ಟಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದ ಮೇಲೆ ನಮಗೆ ಮಳೆಗಾಲ ಅಂದ್ರೆ ಮೈಯೆಲ್ಲ ಕಿವಿ.

ಗ್ರೂಪಲ್ಲಿ ಕೈಮುಗಿಯೋ ಚಿತ್ರ ಹಾಕೋರಿಗೇನು ಕಮ್ಮಿಯಿಲ್ಲ. ಪೆಟ್ರೋಲ್ ಖರ್ಚು ಮಾತ್ರ ಹುಡುಗರ ಜೇಬಿಂದಲೇ. ಚೈನ್ ತುಂಡಾದ್ರೆ ಅದೂ ಅವರದ್ದೇ. ಹೊಗಳಿದ್ರೆ ಮಿಷನ್ ಸ್ಟಾರ್ಟ್ ಆಗಲ್ಲ ಮಾರಾಯ್ರೆ.

ಬಂಕಲ್ಲಿ ಅವರ ಲೆಕ್ಕಕ್ಕೆ ಒಂದಿಷ್ಟು ದುಡ್ಡು ಕೊಟ್ಟು ಬಂದೆ. ಆ ಕಡೆ ಹೋದ್ರೆ ನೀವೂ ಕೈಲಾದಷ್ಟು ಸೇರಿಸಿ. ಪುಷ್ಯ, ಆಶ್ಲೇಷ ಮಳೆ ಇನ್ನೂ ಬಾಕಿ ಇದೆ.