ಮಳೆಗಾಲದಲ್ಲಿ ಎಸ್‌ಡಬ್ಲ್ಯೂಆರ್ ತಾನಾಗಿ ಇಳಿದರೆ ಕೇಬಲ್ ನೋಡಿ

ತೀರ್ಥಹಳ್ಳಿ, ಹೊಸನಗರ ಕಡೆ ಹಿತ್ತಲಿನಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಆಂಟೆನಾ ಕಟ್ಟುವಾಗ ಕಂಬಕ್ಕಿಂತ ಹೆಚ್ಚು ತಲೆ ತಿನ್ನುವುದು ರೇಡಿಯೊದಿಂದ ಆಂಟೆನಾಗೆ ಶಕ್ತಿ ಒಯ್ಯುವ ಕೋಆಕ್ಸಿಯಲ್ ಕೇಬಲ್. ಬೇಸಿಗೆಯಲ್ಲಿ ಎಲ್ಲವೂ ಸರಿಯಿರುತ್ತದೆ. ಪರೀಕ್ಷೆ ಶುರುವಾಗುವುದು ಜೂನ್ ಮೇಲೆ. ಆಗ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂತಿರುಗುತ್ತದೆ ಎಂದು ತೋರುವ ಅಂಕಿ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ತಾನಾಗಿ ಇಳಿದರೆ ಖುಷಿಪಡಬೇಡಿ, ಏಕೆಂಬುದು ಕೊನೆಯಲ್ಲಿದೆ.

7 ಮೆಗಾಹರ್ಟ್ಸ್ ಡೈಪೋಲ್‌ಗೆ (ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ) 30 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಎಳೆದರೂ ನಷ್ಟ ಒಂದು ಡಿಬಿ (ಡೆಸಿಬೆಲ್) ಆಸುಪಾಸು, ನಡೆಯುತ್ತದೆ. ಅದೇ ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಐದಾರು ಡಿಬಿ ನುಂಗುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ಶಕ್ತಿ ದಾರಿಯಲ್ಲೇ ಖರ್ಚು. ಅಲ್ಲಿ ಆರ್‌ಜಿ-213 ಇಲ್ಲವೇ ಎಲ್‌ಎಂಆರ್-400ನಂಥ ದಪ್ಪ ಕೇಬಲ್ ಬೇಕು.

ಅಡಿಕೆ ತೋಟದ ನಡುವೆ ಕೇಬಲ್ ತೂಗುಹಾಕಬೇಡಿ. ಉದುರುವ ಸೋಗೆಯ ಪೆಟ್ಟು ಸಣ್ಣದಲ್ಲ, ಮಂಗಗಳ ಕಾಟ ಬೇರೆ. ನೆಲದಲ್ಲಿ ಹುಗಿಯುವುದಾದರೆ ತೋಟದ ಅಂಚು ಹಿಡಿದು, ಒಂದೂವರೆ ಅಡಿ ಆಳದಲ್ಲಿ, ಕಪ್ಪು ಎಚ್‌ಡಿಪಿಇ ಪೈಪಿನೊಳಗೆ ಎಳೆಯಿರಿ. ಬರೀ ಮಣ್ಣಲ್ಲಿಟ್ಟರೆ ಅಗತೆ ಮಾಡುವ ಗುದ್ದಲಿಯೋ ಹೆಗ್ಗಣವೋ ಮುಗಿಸುತ್ತದೆ. ಪೈಪಿನೊಳಗೂ ತೇವ ತಣಿದು ನೀರಾಗುತ್ತದೆ. ತಗ್ಗಿನ ಜಾಗದಲ್ಲಿ ತೂತಿರಲಿ, ಕೇಬಲ್‌ಗೆ ನಡುವೆ ಜಾಯಿಂಟ್ ಬೇಡ. ಮುಂದೆ ಬೇಕಾದೀತೆಂದು ಒಂದು ನೈಲಾನ್ ಹಗ್ಗವನ್ನೂ ಜೊತೆಗೆ ಎಳೆದಿಡಿ.

ಜಂಬಿಟ್ಟಿಗೆ ಗೋಡೆಯಲ್ಲಿ ತೂತು ಕೊರೆಯುವಾಗ ಕೇಬಲ್ ಅಳತೆ ನೋಡಿ ಮೋಸಹೋಗುವವರೇ ಹೆಚ್ಚು. ಆರ್‌ಜಿ-213 ದಪ್ಪ 10 ಮಿಮೀ, ಆದರೆ ಅದರ ತುದಿಗೆ ಹಾಕುವ ಪಿಎಲ್-259 ಕನೆಕ್ಟರ್ 19 ಮಿಮೀ ಹತ್ತಿರ. ಒಂದಿಂಚಿನ ಪಿವಿಸಿ ತುಂಡನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ. ಕೇಬಲ್ ತೂತಿಗಿಂತ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಿ ಒಳಹೋಗಬೇಕು. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪಿಎಲ್-259 ನೀರು ತಡೆಯುವ ಕನೆಕ್ಟರೇ ಅಲ್ಲ. ಅದರ ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು, ಅರ್ಧರ್ಧ ಮೇಲೆ ಬರುವಂತೆ, ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ಬಿಸಿಲಿಗೆ ಅದರ ಮೇಲೊಂದು ವಿನೈಲ್ ಟೇಪ್. ವಿನೆಗರ್ ವಾಸನೆಯ ಸಿಲಿಕಾನ್ ಬಳಿಯಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಡೈಪೋಲ್ ನಡುವೆ ಜಡೆತಂತಿ (ಕೇಬಲ್ ಸಿಪ್ಪೆಯೊಳಗಿನ ಹೆಣೆದ ತಾಮ್ರದ ಪದರ) ಬಿಡಿಸಿದ ಬಾಯಿ ತೆರೆದಿದ್ದರಂತೂ ಜಡೆ ಬತ್ತಿಯಂತೆ ನೀರು ಹೀರಿ ಮನೆಯವರೆಗೂ ತರುತ್ತದೆ.

ಏಪ್ರಿಲ್–ಮೇ ಸಿಡಿಲಿಗೆ: ಗೋಡೆಯ ಹೊರಗೇ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕೆ ತಿರುಗಿಸುವ ಸಾಧನ), ಅಲ್ಲಿಂದ ಗಿಡ್ಡ ದಪ್ಪ ತಂತಿಯಲ್ಲಿ ಅರ್ಥ್ ರಾಡ್. ಆ ರಾಡನ್ನು ಮನೆಯ ಅರ್ಥ್‌ಗೆ ಸೇರಿಸಲೇಬೇಕು, ಇಲ್ಲವಾದರೆ ಎರಡರ ನಡುವಿನ ವೋಲ್ಟೇಜ್ ರೇಡಿಯೊ ಮೂಲಕವೇ ಹಾಯುತ್ತದೆ. ಇಷ್ಟಾದರೂ ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿಡಿ.

ಇನ್ನು ಆ ಎಸ್‌ಡಬ್ಲ್ಯೂಆರ್ ವಿಷಯ. ನೆನೆದ ಕೇಬಲ್ ಹೋಗುವ ಶಕ್ತಿಯನ್ನೂ ಹಿಂತಿರುಗುವುದನ್ನೂ ತಿನ್ನುವುದರಿಂದ ಮೀಟರ್‌ಗೆ ಕಾಣುವುದು ಒಳ್ಳೆಯ ಅಂಕಿ. 5 ಡಿಬಿ ನಷ್ಟದ ಕೇಬಲ್‌ಗೆ ಆಂಟೆನಾ ಇಲ್ಲದಿದ್ದರೂ 1.9 ತೋರಿಸುತ್ತದೆ! ಅನುಮಾನ ಬಂದರೆ ಆಂಟೆನಾ ಬಿಚ್ಚಿ, ಆ ತುದಿ ಖಾಲಿ ಬಿಟ್ಟು, ಆಂಟೆನಾ ಅನಲೈಸರ್‌ನಲ್ಲಿ ರಿಟರ್ನ್ ಲಾಸ್ (ಶಕ್ತಿ ಹೋಗಿ ಹಿಂತಿರುಗುವಷ್ಟರಲ್ಲಿ ಆಗುವ ಒಟ್ಟು ನಷ್ಟ) ಓದಿ. ಅದರ ಅರ್ಧವೇ ಕೇಬಲ್ ನಷ್ಟ. ಹೊಸದರಲ್ಲೇ ಅಳೆದು ಬರೆದಿಟ್ಟ ಅಂಕಿಗಿಂತ ಒಂದು ಡಿಬಿ ಹೆಚ್ಚಿದ್ದರೆ ಆಂಟೆನಾ ಕಡೆಯ ತುದಿ ಕತ್ತರಿಸಿ ನೋಡಿ: ಜಡೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಒಂದೆರಡು ಮೀಟರ್ ಆದರೂ ಸಿಗದಿದ್ದರೆ ಆ ನೈಲಾನ್ ಹಗ್ಗಕ್ಕೆ ಹೊಸ ಕೇಬಲ್ ಕಟ್ಟಿ ಎಳೆಯಿರಿ.