"ಇರ್ಲಿ ಬಿಡ್ರಿ" ಅಂದವರಿಗೆ ನಾನು ನ್ಯೂಟ್ರಲ್ ಹಾಕಿದ್ದೆ

ಪುಣೆಲಿ ನನ್ನ ಕೆಲಸ ಏನಪ್ಪಾ ಅಂದ್ರೆ ಹಿಂಜೆವಾಡಿ ಆಫೀಸಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕನ್ನಡ ಕಸ್ಟಮರ್ ಕಾಲ್ ಕೇಳೋದು, ಒಂದೊಂದಕ್ಕೂ ಇಂಗ್ಲಿಷ್ ಎಮೋಷನ್ ಟ್ಯಾಗ್ ಹಾಕೋದು. ಅಮ್ಮ ಕೇಳ್ತಾಳೆ, "ಬೇರೆಯವರ ಗೋಳು ಕೇಳೋಕೂ ಸಂಬಳ ಕೊಡ್ತಾರಾ?"

ಲಿಸ್ಟಲ್ಲಿ ಬೇಜಾರಿಗೇ ಒಂದು ದೊಡ್ಡ ಸಂಸಾರ ಇದೆ, ಸ್ಯಾಡ್, ಡಿಸಪಾಯಿಂಟೆಡ್, ಡಿಜೆಕ್ಟೆಡ್, ಡೆಸ್ಪಾಂಡೆಂಟ್, ಹೋಪ್‌ಲೆಸ್, ಡೆಸ್ಪರೇಟ್, ಡಿಸ್ಪೇರ್. ನಮ್ಮವರು ನೋಡಿದ್ರೆ ರೀಫಂಡ್ ಬರದಿದ್ರೂ ಬೇಜಾರು, ಹೋಲ್ಡ್ ಮ್ಯೂಸಿಕ್ ಕೇಳಿನೂ ಬೇಜಾರು, ಚೆನ್ನಾಗಿ ಬೈದು ಕೊನೆಗೆ "ಬೇಜಾರ್ ಮಾಡ್ಕೋಬೇಡಿ ಮೇಡಂ" ಅನ್ನೋದೂ ಅದರಲ್ಲೇ. ತಲೆಕೆಟ್ಟು ಡಿಕ್ಷನರಿ ತೆಗೆದು ಕೂತೆ. ಡಿಜೆಕ್ಟೆಡ್ ಅಂದ್ರೆ ಲ್ಯಾಟಿನ್‌ನಲ್ಲಿ ಕೆಳಕ್ಕೆ ಎಸೆದದ್ದು ಅಂತೆ. ಸ್ಯಾಡ್‌ಗೆ ಹಳೇ ಇಂಗ್ಲಿಷಲ್ಲಿ ಹೊಟ್ಟೆ ತುಂಬಿದೆ, ಸಾಕಾಗಿದೆ ಅನ್ನೋ ಅರ್ಥ, ಥೇಟ್ ನಮ್ಮ "ಸಾಕಾಗ್ಹೋಯ್ತು"! ಡಿಸ್ಪೇರ್, ಡೆಸ್ಪರೇಟ್ ಎರಡಕ್ಕೂ ಒಂದೇ ಬೇರು, ಭರವಸೆಯ ಲ್ಯಾಟಿನ್ ಪದಕ್ಕೆ ಮುಂದೆ ಒಂದು 'ಡೆ' ಅಂಟಿಸಿ ಭರವಸೆನೇ ತೆಗೆದುಹಾಕಿರೋದು, ಆಶೆ ಹೋಗಿ ನಿರಾಶೆ ಆದ ಹಾಗೆ. ಆದ್ರೆ ಬಳಕೇಲಿ ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡ್ಕೊಂಡಿದ್ದಾರೆ. ಡೆಸ್ಪರೇಟ್ ಆದವನು ಇನ್ನೂ ಬಾಗಿಲು ಬಡೀತಾ ಇರ್ತಾನೆ, ಡಿಸ್ಪೇರ್ ಆದವನು ಕೈಚೆಲ್ಲಿ ಜಗಲಿ ಮೇಲೆ ಕೂತಿರ್ತಾನೆ.

ನಾನು ಎಡವಿದ್ದು ಇಲ್ಲೇ. ವಿಜಯಪುರ ಕಡೆಯ ಒಬ್ರು ಹಿರಿಯರು, ಮೂರು ಕಾಲಲ್ಲಿ ಬಾಯಿಗೆ ಬಂದಂಗೆ ಕೂಗಾಡಿದ್ರು, ಮೂರಕ್ಕೂ ಆಂಗ್ರಿ ಹಾಕಿದ್ದೆ. ನಾಲ್ಕನೇ ಸಲ ಮೆಲ್ಲಗೆ "ಇರ್ಲಿ ಬಿಡ್ರಿ, ನಿಮ್ದೇನ್ ತಪ್ಪೈತಿ" ಅಂದು ಫೋನ್ ಇಟ್ಟರು. ನ್ಯೂಟ್ರಲ್ ಹಾಕಿ, ಸಮಾಧಾನ ಆಗಿದ್ದಾರೆ ಅಂತ ನೋಟ್ ಬೇರೆ ಬರೆದೆ ನಾನು. ಕಂಪ್ಲೇಂಟ್ ಕ್ಲೋಸ್ ಆಗೋಯ್ತು. ದುಡ್ಡು ಬಂದೇ ಇರ್ಲಿಲ್ಲ.

ರಿವ್ಯೂನಲ್ಲಿ ಟೀಮ್ ಲೀಡ್‌ಗೆ, ಅವರು ಮರಾಠಿಯವರು, ಆ ಮಾತಿನ ಅರ್ಥ ಹೇಳಿದೆ. ಪೆನ್ ಕೆಳಗಿಟ್ಟರು. "ಜಾಊ ದ್ಯಾ ಅಂದ್ರಾ? ನಮ್ಮಪ್ಪ ಹಾಗಂದ್ರೆ ಮನೇಲಿ ಎಲ್ಲರಿಗೂ ಎದೆ ಧಸಕ್ ಅನ್ನುತ್ತೆ, ನೀನು ನ್ಯೂಟ್ರಲ್ ಹಾಕಿದೀಯಾ?" ನನಗೆ ಡಿಕ್ಷನರಿಲಿ ಸಿಗದೇ ಇದ್ದದ್ದು ಅವರಿಗೆ ಅವರಪ್ಪನ ಹತ್ರ ಸಿಕ್ಕಿತ್ತು.

ಟಿಕೆಟ್ ರೀಓಪನ್ ಮಾಡಿಸಿ ಐದನೇ ಕಾಲ್ ನಮ್ಮ ಕಡೆಯಿಂದಲೇ ಹೋಯ್ತು. ರೆಕಾರ್ಡಿಂಗ್ ನನ್ನ ಹತ್ರಾನೇ ಬಂತು. "ಈಗ ನೆನಪಾತೇನ್ರಿ ನಿಮ್ಗ?" ಅಂತ ಎತ್ತಿದ ತಕ್ಷಣ ಶುರು ಹಚ್ಕೊಂಡ್ರು, ಉಸಿರು ಬಿಡದೆ ಬೈದ್ರು. ಆಂಗ್ರಿ ಅಂತ ಟ್ಯಾಗ್ ಹಾಕುವಾಗ ಅಷ್ಟು ಖುಷಿ ನನಗೆ ಯಾವತ್ತೂ ಆಗಿರ್ಲಿಲ್ಲ.